ಹಳೆಯ ಕಾರಿಗೆ ದೊಡ್ಡ ಸ್ಟಿರಿಯೊ: ಡ್ಯಾಶ್‌ಬೋರ್ಡ್ ಕೊಯ್ಯಿಸಬಹುದೇ?

ಪ್ರಶ್ನೆ: ನಮ್ಮ ತಂದೆಯವರು ಕೊಂಡ 2004ರ ಮಾರುತಿ ಝೆನ್ ಇಂದಿಗೂ ಚೆನ್ನಾಗಿ ಓಡುತ್ತಿದೆ. ಅದರ ಹಳೆಯ ಕ್ಯಾಸೆಟ್ ಪ್ಲೇಯರ್ ತೆಗೆದು 7 ಇಂಚಿನ ಟಚ್‌ಸ್ಕ್ರೀನ್ ಸ್ಟಿರಿಯೊ ಹಾಕಿಸಬೇಕೆಂದಿದ್ದೇನೆ. ಡ್ಯಾಶ್‌ಬೋರ್ಡ್ ಸ್ವಲ್ಪ ಕೊಯ್ದರೆ ಕೂರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಕೊಯ್ಯಿಸಬಹುದೇ? ಬ್ಯಾಟರಿಗೆ ಹೊರೆಯಾಗುವುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಕೊಯ್ಯಿಸಬೇಡಿ. ಕಾರಿನ ಸ್ಟಿರಿಯೊ ಕೂರುವ ಕಿಂಡಿಯ ಅಳತೆಯನ್ನು ಮೊದಲು ಗೊತ್ತುಪಡಿಸಿದ್ದು ಜರ್ಮನಿಯ ಮಾನಕ ಸಂಸ್ಥೆಯಾದ ‘ಡಿನ್’. ಆದ್ದರಿಂದಲೇ ಸಿಂಗಲ್ ಡಿನ್, ಡಬಲ್ ಡಿನ್ ಎಂಬ ಹೆಸರುಗಳು ಬಂದಿವೆ. ಎರಡಕ್ಕೂ ಅಗಲ ಸುಮಾರು 180 ಮಿ.ಮೀ., ಆದರೆ ಎತ್ತರ ಮೊದಲನೆಯದಕ್ಕೆ 50 ಮಿ.ಮೀ., ಎರಡನೆಯದಕ್ಕೆ 100 ಮಿ.ಮೀ. ನೀವು ಬಯಸಿರುವುದು ಡಬಲ್ ಡಿನ್. ಕಿಂಡಿಯ ಕೆಳಗೆ ಅಷ್ಟೇ ಅಗಲದ ಖಾಲಿ ಪಾಕೆಟ್ ಇರುವ ಕಾರುಗಳಲ್ಲಿ ನಡುವಿನ ಪಟ್ಟಿಯನ್ನು ತೆಗೆದು, ಆ ಮಾದರಿಗೆಂದೇ ಸಿಗುವ ಫ್ರೇಮ್ ಕೂರಿಸಿದರೆ ಕೆಲಸ ಮುಗಿಯುತ್ತದೆ. ಅಂಥ ಜಾಗವಿಲ್ಲದ ಕಾರಿನಲ್ಲಿ ಕೊಯ್ಯಲು ಹೊರಟರೆ, ಪ್ಲಾಸ್ಟಿಕ್ಕಿನ ಹಿಂದಿರುವ ಎ.ಸಿ. ನಾಳ, ಕಂಟ್ರೋಲ್ ಕೇಬಲ್ ಮತ್ತು ಡ್ಯಾಶ್‌ಬೋರ್ಡನ್ನು ಹಿಡಿದಿರುವ ಲೋಹದ ಪಟ್ಟಿಗಳಿಗೆ ಏಟು ಬೀಳುತ್ತದೆ. ಇಪ್ಪತ್ತು ವರ್ಷ ಬಿಸಿಲು ಕಂಡ ಪ್ಲಾಸ್ಟಿಕ್ ಪೆಡಸಾಗಿರುವುದರಿಂದ, ಕೊಯ್ದ ಮೂಲೆಯಿಂದ ಬಿರುಕು ಹರಿಯತೊಡಗುತ್ತದೆ. ಝೆನ್ ತಯಾರಿಕೆ ನಿಂತು ಎಷ್ಟೋ ವರ್ಷಗಳಾದ್ದರಿಂದ ಹೊಸ ಡ್ಯಾಶ್‌ಬೋರ್ಡ್ ಹುಡುಕುವುದೂ ಸುಲಭವಲ್ಲ.

ನನ್ನ ಸಲಹೆ ಇಷ್ಟು: ಒಡಲು ಸಿಂಗಲ್ ಡಿನ್ ಆಗಿದ್ದು, ಪರದೆ ಮಾತ್ರ ಹೊರಗೆ ಚಾಚಿ ನಿಲ್ಲುವ ಸ್ಟಿರಿಯೊ ಕೊಳ್ಳಿ. ಕೊಳ್ಳುವ ಮುನ್ನ ಪರದೆಯ ಅಳತೆಗೆ ಒಂದು ರಟ್ಟು ಕತ್ತರಿಸಿ, ಅದನ್ನು ಕಿಂಡಿಯ ಮುಂದೆ ಹಿಡಿದು ಚಾಲಕನ ಸೀಟಿನಲ್ಲಿ ಕುಳಿತು ನೋಡಿ. ಎ.ಸಿ. ಗಾಳಿಗೆ ಅಡ್ಡವಾಗಬಾರದು, ಸ್ವಿಚ್‌ಗಳು ಮರೆಯಾಗಬಾರದು, ಗೇರ್ ಹಾಕುವಾಗ ಕೈ ತಾಕಬಾರದು.

ವೈರಿಂಗ್ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕಾರಿನ ಮೂಲ ವೈರುಗಳನ್ನು ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ. ವೈರು ಕತ್ತರಿಸದೆ ಜೋಡಿಸಲು ಹೊಂದುವ ಕಪ್ಲರ್ (ಪ್ಲಗ್‌ನಂಥ ಜೋಡಕ) ಹಾಕಿಸಿ. ಸಾಮಾನ್ಯವಾಗಿ ಸ್ಟಿರಿಯೊದ ಹಳದಿ ವೈರಿಗೆ ಬ್ಯಾಟರಿಯಿಂದ ಸದಾ 12 ವೋಲ್ಟ್, ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್, ಕಪ್ಪು ವೈರಿಗೆ ಅರ್ತ್ (ಕಾರಿನ ಲೋಹದ ಬಾಡಿಗೆ ಜೋಡಣೆ) ಇರಬೇಕು. ಹಳದಿ, ಕೆಂಪು ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಟ್ಟರೆ ಕೀ ತೆಗೆದ ಮೇಲೂ ಸ್ಟಿರಿಯೊ ಪೂರ್ತಿ ನಿದ್ರಿಸದೆ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಸ್ಪೀಕರಿನ ನೆಗೆಟಿವ್ ವೈರನ್ನು ಬಾಡಿಗೇ ಜೋಡಿಸಿರುತ್ತಾರೆ. ಇಂದಿನ ಸ್ಟಿರಿಯೊಗಳಿಗೆ ಇದು ಸಲ್ಲದು, ಒಳಗಿನ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಪ್ರತಿ ಸ್ಪೀಕರಿಗೂ ಎರಡೆರಡು ಹೊಸ ವೈರು ಎಳೆಸುವ ಖರ್ಚಿಗೆ ಹಿಂಜರಿಯಬೇಡಿ.

ಇನ್ನು ಬ್ಯಾಟರಿ. ಡಬ್ಬಿಯ ಮೇಲೆ ‘50 ವ್ಯಾಟ್ x 4’ ಎಂದಿರುವುದು ಕ್ಷಣಮಾತ್ರದ ಗರಿಷ್ಠ ಮಟ್ಟ. ನಿರಂತರವಾಗಿ ದೊರೆಯುವುದು ಸ್ಪೀಕರಿಗೆ 15ರಿಂದ 20 ವ್ಯಾಟ್. ಎಂಜಿನ್ ಓಡುತ್ತಿರುವಾಗ, ಅದರಿಂದ ತಿರುಗಿ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಈ ಹೊರೆಯನ್ನು ಹೊರುತ್ತದೆ. ಎಂಜಿನ್ ಆರಿಸಿ ಗಂಟೆಗಟ್ಟಲೆ ಹಾಡು ಕೇಳಿದರೆ ಮಾತ್ರ ಚಿಕ್ಕ ಬ್ಯಾಟರಿ ಸೋಲುತ್ತದೆ. ಸಬ್‌ವೂಫರ್‌ಗಾಗಿ (ತಗ್ಗು ಸ್ವರದ ದೊಡ್ಡ ಸ್ಪೀಕರ್) ಬೇರೆ ಆಂಪ್ಲಿಫೈಯರ್ ಹಾಕಿಸುವುದಾದರೆ ಬ್ಯಾಟರಿಯಿಂದಲೇ ದಪ್ಪ ವೈರು ಎಳೆಸಿ, ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿಸಿ. ನಡುದಾರಿಯಲ್ಲಿ ವೈರು ಉಜ್ಜಿ ಶಾರ್ಟ್ ಆದರೆ ಬೆಂಕಿಯನ್ನು ತಡೆಯುವುದು ಅದೊಂದೇ.

ಪ್ರಶ್ನೆ: ಹೊಸ ಸ್ಟಿರಿಯೊ ಹಾಕಿಸಿದ ಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರುತ್ತದೆ. ಸ್ಟಿರಿಯೊ ಬದಲಿಸಬೇಕೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಈಗಲೇ ಬೇಡ. ಅದು ಆಲ್ಟರ್ನೇಟರಿನ ಸದ್ದು, ಬಹುಮಟ್ಟಿಗೆ ಅರ್ತ್ ಸಡಿಲವಾಗಿರುವುದೇ ಕಾರಣ. ನಿಮ್ಮ ಕರಾವಳಿಯ ತೇವಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಕಪ್ಪು ವೈರನ್ನು ಬಿಚ್ಚಿಸಿ, ಬಾಡಿಯ ಬಣ್ಣವನ್ನೂ ತುಕ್ಕನ್ನೂ ಕೆರೆದು, ಬರಿಯ ಲೋಹಕ್ಕೆ ಬೋಲ್ಟಿನಿಂದ ಬಿಗಿಯಾಗಿ ಜೋಡಿಸಿ ನೋಡಿ.