ಸಿಸಿಆರ್5 ಲೇಖನದ ಬಗ್ಗೆ ಬಿಚ್ಚುಮನಸ್ಸಿನಿಂದ

ನಮಸ್ಕಾರ.

ನೀವು ಕಳಿಸಿದ ‘ಎಚ್‌ಐವಿಯ ಕಳ್ಳಬಾಗಿಲು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಸಿಸಿಆರ್5 ಅಂದರೆ ಕೆಲವು ಬಿಳಿ ರಕ್ತಕಣಗಳ ಮೇಲಿರುವ, ಹೊರಗಿನ ಸಂಕೇತ ಹಿಡಿಯುವ ಪ್ರೋಟೀನು, ಒಂದು ಗ್ರಾಹಿ. ಮೊದಲ ಸಾಲಿನಲ್ಲೇ ಅದನ್ನು ಮನೆಮುರುಕ ಮಾಡಿಬಿಟ್ಟಿದ್ದೀರಿ. ಎಚ್‌ಐವಿ ಅದನ್ನು ಹಿಡಿದುಕೊಂಡು ಜೀವಕೋಶದೊಳಗೆ ನುಗ್ಗುತ್ತದೆ ಎಂದು 1996ರಲ್ಲಿ ಗೊತ್ತಾಯಿತು, ಸರಿ. ಆದರೆ ದೇಹ ಆ ಗ್ರಾಹಿಯನ್ನು ವೈರಸ್ಸಿಗಾಗಿ ಇಟ್ಟುಕೊಂಡಿಲ್ಲ ಅಲ್ವಾ? ಅದರ ಸ್ವಂತ ಕೆಲಸಕ್ಕೆ ನೀವು ಕೊಟ್ಟಿದ್ದು ಒಂದೇ ಸಾಲು: “ಮುಳ್ಳು ಚುಚ್ಚಿದ ಕೂಡಲೇ ಸಿಸಿಆರ್5 ಅಲ್ಲಿಗೆ ಓಡುತ್ತದೆ.” ಅದೂ ತಪ್ಪು. ಗ್ರಾಹಿ ಕೋಶದ ಹೊರಪೊರೆಯಲ್ಲಿ ಕೂತಿರುತ್ತದೆ. ಓಡುವುದು ಕೋಶ.

ಮುಳ್ಳು ನೆಟ್ಟ ಜಾಗದ ಕೋಶಗಳು ಕೀಮೋಕೈನ್ ಎಂಬ ಪುಟ್ಟ ಪ್ರೋಟೀನುಗಳನ್ನು ಬಿಡುತ್ತವೆ. ಬೆಲ್ಲದ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಇರುವೆ ಸಾಲು ಹಿಡಿಯುತ್ತದಲ್ಲ, ಹಾಗೆ ಬಿಳಿ ರಕ್ತಕಣಗಳು ಕೀಮೋಕೈನ್ ಜಾಸ್ತಿ ಇರುವ ಕಡೆಗೆ ತೆವಳುತ್ತವೆ. ಅವುಗಳ ಮೂಗು ಈ ಗ್ರಾಹಿಗಳೇ. ಮೊದಲು ಬರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮುಖ್ಯವಾಗಿ ಬೇರೆ ಗ್ರಾಹಿಗಳನ್ನು ನಂಬಿವೆ. ಸಿಸಿಆರ್5 ಹೆಚ್ಚಾಗಿ ಇರುವುದು ಟಿ ಕೋಶ, ಮ್ಯಾಕ್ರೋಫೇಜ್ ಎಂಬ ಬೇರೆ ರಕ್ಷಣಾ ಕೋಶಗಳ ಮೇಲೆ. ಇವು ಆಮೇಲೆ ಬರುವವು.

“ಅದಿಲ್ಲದವರಿಗೆ ಏನೂ ತೊಂದರೆಯಿಲ್ಲ” ಎಂದೂ ಬರೆದಿದ್ದೀರಿ. ಉತ್ತರ ಯುರೋಪಿನ ಮೂಲದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಈ ಜೀನಿನ ಎರಡೂ ಪ್ರತಿಗಳಲ್ಲಿ ಡಿಎನ್‌ಎಯ 32 ಅಕ್ಷರ ಇರುವುದಿಲ್ಲ, ಗ್ರಾಹಿಯೂ ಇಲ್ಲ. ಇಂಥವರಿಗೆ ಸೊಳ್ಳೆ ಹರಡುವ ವೆಸ್ಟ್ ನೈಲ್ ವೈರಸ್ ತಗುಲಿದರೆ ಕಾಯಿಲೆ ಜೋರಾಗುವ ಸಾಧ್ಯತೆ ಹೆಚ್ಚು ಎಂದು 2006ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ಆ ಸಾಲು ತೆಗೆಯಿರಿ. ಈ ಗ್ರಾಹಿಯಿಲ್ಲದ ದಾನಿಯ ಕಾಂಡಕೋಶ ಪಡೆದು ಎಚ್‌ಐವಿಯಿಂದ ಗುಣವಾದ ‘ಬರ್ಲಿನ್ ರೋಗಿ’ ತಿಮೊಥಿ ರೇ ಬ್ರೌನ್ ಕಥೆಗೆ ಅರ್ಧ ಪುಟ ಸಾಕು.

ಉಳಿದ ಜಾಗ ರುಮಟಾಯ್ಡ್ ಸಂಧಿವಾತಕ್ಕೆ, ಅಂದರೆ ದೇಹದ ರಕ್ಷಣಾ ಕೋಶಗಳೇ ಕೀಲುಗಳ ಮೇಲೆ ಬೀಳುವ ಕಾಯಿಲೆಗೆ ಕೊಡಿ. ಊದಿದ ಕೀಲಿನ ನೀರಿನಲ್ಲಿ ಸಿಸಿಆರ್5 ಇರುವ ಟಿ ಕೋಶಗಳು ಗುಂಪುಗೂಡಿರುತ್ತವೆ. ಹಾಗಾದರೆ ಗ್ರಾಹಿಯನ್ನು ಮುಚ್ಚಿದರೆ ಊತ ಇಳಿಯಬೇಕಲ್ವಾ? ಎಚ್‌ಐವಿಗೆಂದು 2007ರಲ್ಲಿ ಬಂದ, ಸಿಸಿಆರ್5 ಅನ್ನು ಮುಚ್ಚುವ ಮರಾವಿರಾಕ್ ಮಾತ್ರೆಯನ್ನು ಸಂಧಿವಾತದವರಿಗೆ ಕೊಟ್ಟು ನೋಡಿದರು. ಪ್ರಯೋಜನ ಕಾಣಲಿಲ್ಲ. ಒಂದೇ ಕೋಶದ ಮೇಲೆ ಇಂಥ ಮೂಗುಗಳು ಹಲವು. ಒಂದನ್ನು ಮುಚ್ಚಿದರೆ ಕೋಶ ಇನ್ನೊಂದು ದಾರಿ ಹಿಡಿಯಬಹುದು. ಲೇಖನದ ಜೀವ ಇಲ್ಲಿದೆ, ನೀವು ಸುಮ್ನೆ ದಾಟಿಹೋಗಿದ್ದೀರಿ.

‘ರಾಸಾಯನಿಕಾಕರ್ಷಕ ಸಂಕೇತವಾಹಕ’ ಬೇಡ, ಕೀಮೋಕೈನ್ ಎಂದೇ ಬರೆಯಿರಿ. ಇನ್ನು, ಬೆಳಿಗ್ಗೆ ಬೆರಳು ಮಡಚಲಾಗದೆ ಹಾಲಿನ ಪ್ಯಾಕೆಟ್ ಕತ್ತರಿಸಲು ನಿಮ್ಮನ್ನು ಕೂಗುವ ಅಮ್ಮನ ಬಗ್ಗೆ ಕೊನೆಯಲ್ಲಿ ಮೂರು ಸಾಲು ಇವೆ. ಅವನ್ನು ಮುಟ್ಟಬೇಡಿ. ಹಾಗೇ ಎತ್ತಿ ಮೊದಲಿಗೆ ತನ್ನಿ.