ಕಲ್ಲಿಗೆ ಗಾಲಿ ಕಟ್ಟಿ ಎತ್ತಿನ ಬೆನ್ನು ತಟ್ಟಬೇಡಿ

ಸಿಂಧನೂರಿನ ಓದುಗರೊಬ್ಬರು ಬರೆದಿದ್ದಾರೆ: "ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಆಟ ನೋಡಿದಾಗಿನಿಂದ ನನಗೆ ಗಾಲ್ಫ್ ಹುಚ್ಚು. ಈಗಿನವರು ಚೆಂಡನ್ನು ಸಲೀಸಾಗಿ ಮುನ್ನೂರು ಗಜ ದಾಟಿಸುತ್ತಾರೆ. ಹಿಂದಿನವರು ಹೊಟ್ಟೆ ಬಿಟ್ಟುಕೊಂಡು ಸಿಗರೇಟು ಸೇದುತ್ತಾ ಆಡಿದರು, ಇವರು ಜಿಮ್‌ನಲ್ಲಿ ಬೆವರು ಸುರಿಸುತ್ತಾರೆ. ಒಕ್ಕಲುತನದಲ್ಲೂ ಇದೇ ಕತೆ. ನಮ್ಮಪ್ಪ ಎಕರೆಗೆ ಇಪ್ಪತ್ತು ಚೀಲ ಭತ್ತ ಕಂಡರೆ ಹೆಚ್ಚು, ನಾನು ನಲವತ್ತು ತೆಗೆಯುತ್ತೇನೆ. ನೀವು ಮಾತ್ರ ಹಳಬರನ್ನೇ ಹೊಗಳುತ್ತೀರಿ, ಯಾಕೆ?"

ಯಾಕಂದ್ರೆ ನಾನೂ ಹಳಬನೇ! ತಮಾಷೆ ಇರಲಿ. ರಾಯಚೂರಿನ ಬಿಸಿಲಲ್ಲಿ ಕೂತವನಿಗೆ ಗಾಲ್ಫ್ ಬಗ್ಗೆ ಪತ್ರ ಬಂತಲ್ಲ, ಅದೇ ಖುಷಿ.

ಜಿಮ್ ಮಾತು ಒಪ್ಪಿದೆ. ಟೈಗರ್ ವುಡ್ಸ್ ಬಂದ ಮೇಲೆ ಕಸರತ್ತು ಜಾಸ್ತಿಯಾಯಿತು, ಕೋಲು ಬೀಸುವ ವೇಗವೂ ಹೆಚ್ಚಿತು. ಸರಿ. ಈಗ ಲೆಕ್ಕಕ್ಕೆ ಬನ್ನಿ. ಅಮೆರಿಕದ ವೃತ್ತಿಪರ ಆಟಗಾರರ ಸ್ಪರ್ಧಾ ಸರಣಿ ಪಿಜಿಎ ಟೂರ್‌ನಲ್ಲಿ ಡ್ರೈವ್ ಅನ್ನುವ ಆ ದೊಡ್ಡ ಹೊಡೆತದ ಸರಾಸರಿ 1980ರಲ್ಲಿ ಸುಮಾರು 257 ಗಜ. ಇಪ್ಪತ್ತು ವರ್ಷ ಕಳೆದು 2000ದಲ್ಲಿ 273. ಮುಂದಿನ ಮೂರೇ ವರ್ಷದಲ್ಲಿ 286! ಮೂರು ವರ್ಷದಲ್ಲಿ ಎಲ್ಲರಿಗೂ ಒಟ್ಟಿಗೇ ರಟ್ಟೆ ಬಲಿತವಾ?

ಬಲಿತದ್ದು ಚೆಂಡು. ಮೊದಲಿನ ಚೆಂಡಿನೊಳಗೆ ರಬ್ಬರ್ ದಾರ ಸುತ್ತಿರುತ್ತಿತ್ತು, ಮೇಲೆ ಬಲಾಟಾ ಎಂಬ ಮೆತ್ತನೆ ಹೊದಿಕೆ. ಹೊಡೆದರೆ ಗಿರಗಿರ ತಿರುಗುತ್ತಾ ಮೇಲಕ್ಕೇರಿ ಗಾಳಿಯಲ್ಲೇ ಸುಸ್ತಾಗುತ್ತಿತ್ತು. ಏಟು ಕೊಂಚ ತಪ್ಪಿದರೆ ಹೊದಿಕೆ ಬಾಯಿಬಿಡುತ್ತಿತ್ತು. 2000ದ ಅಕ್ಟೋಬರ್‌ನಲ್ಲಿ ಟೈಟ್ಲಿಸ್ಟ್ ಕಂಪನಿಯ ಪ್ರೊ ವಿ1 ಎಂಬ ಚೆಂಡು ಬಂತು. ದಾರ ಹೋಯಿತು, ಗಟ್ಟಿ ತಿರುಳು ಬಂತು. ದೊಡ್ಡ ಹೊಡೆತಕ್ಕೆ ಕಡಿಮೆ ತಿರುಗುವ, ಹತ್ತಿರದ ಸಣ್ಣ ಹೊಡೆತಕ್ಕೆ ಬೇಕಾದಷ್ಟು ತಿರುಗುವ ಚೆಂಡು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು.

ಕೋಲೂ ಬದಲಾಯಿತು. ದೊಡ್ಡ ಹೊಡೆತಕ್ಕೆ ಬಳಸುವ ಕೋಲಿಗೆ ಡ್ರೈವರ್ ಅಂತ ಹೆಸರು. ಅದರ ತಲೆ ಹಿಂದೆ ಪರ್ಸಿಮನ್ ಮರದ್ದು, ನಮ್ಮ ಬೀಡಿ ಎಲೆ ಮರದ ದಾಯಾದಿ. ಸಣ್ಣ ತಲೆ, ನಡುವಿಗೆ ತಾಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗಿನದು ಒಳಗೆ ಪೊಳ್ಳಾದ ಟೈಟಾನಿಯಂ, 460 ಸಿಸಿವರೆಗೆ ಗಾತ್ರ. ತೆಳ್ಳನೆ ಮುಖ ಒಳಕ್ಕೆ ಬಾಗಿ ಚೆಂಡನ್ನು ಚಿಮ್ಮಿಸುತ್ತದೆ, ಅಂಚಿಗೆ ತಾಗಿದರೂ ನಷ್ಟ ಕಡಿಮೆ. ತಪ್ಪಿದರೂ ನಡೆಯುತ್ತೆ ಅಂದಮೇಲೆ ಯಾರು ಬೇಕಾದರೂ ಹೆದರದೆ ಪೂರ್ತಿ ಬಲ ಹಾಕಿ ಬೀಸಬಹುದು, ಅಲ್ವಾ? ಆಮೇಲೆ ಕೋಲಿಗೆ ಮಿತಿ ಬಿತ್ತು. 2003ರಿಂದ 2023ರವರೆಗೆ, ಇಪ್ಪತ್ತು ವರ್ಷಕ್ಕೆ, ಸರಾಸರಿ ಏರಿದ್ದು 13 ಗಜದ ಆಸುಪಾಸು. ಬೇಕಾದರೆ ಅಷ್ಟನ್ನೂ ನಿಮ್ಮ ಜಿಮ್ ಖಾತೆಗೆ ಹಾಕಿಕೊಳ್ಳಿ.

ಅಷ್ಟು ದೂರ ಹೊಡೆಯುವುದು ಹಳಬರಿಗೆ ಆಗುತ್ತಿರಲಿಲ್ಲ ಅನ್ನುವಂತಿದೆ ನಿಮ್ಮ ಮಾತು. 1963ರಲ್ಲಿ ಅಮೆರಿಕದ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಸ್ ಅದೇ ಮರದ ಕೋಲಿನಿಂದ, ಅದೇ ದಾರ ಸುತ್ತಿದ ಚೆಂಡನ್ನು ಒಂದು ಸ್ಪರ್ಧೆಯಲ್ಲಿ 341 ಗಜ ಅಟ್ಟಿದರು. ಒಂದೇ ಹೊಡೆತ, ಸರಾಸರಿಯಲ್ಲ ನಿಜ. ಆಗ ಅವರು ದುಂಡು ದುಂಡಗೇ ಇದ್ದರು, ಅದೂ ನಿಜ.

ಗಾಲ್ಫ್ ಬೇಡ, ಜಾವೆಲಿನ್ ನೋಡಿ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹಾನ್ 104.80 ಮೀಟರ್ ಎಸೆದರು. 1986ರಲ್ಲಿ ನಿಯಮ ಮಾಡುವವರು ಭರ್ಜಿಯ ಭಾರವನ್ನು ಮುಂದಕ್ಕೆ ಸರಿಸಿ ಬೇಗ ನೆಲಕ್ಕೆ ಬೀಳುವಂತೆ ಮಾಡಿದರು. ಅದೇ ಹಾನ್ ಹತ್ತಿರ ಕಲಿತ, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲೂ ತಾಲೀಮು ಮಾಡಿದ ನೀರಜ್ ಚೋಪ್ರಾ 2025ರಲ್ಲಿ ದೋಹಾದಲ್ಲಿ 90.23 ಎಸೆದರೆ ದೇಶವೇ ಕುಣಿಯಿತು. ಗುರುಗಿಂತ ಹದಿನಾಲ್ಕು ಮೀಟರ್ ಕಡಿಮೆ. ನೀರಜ್ ಬಡಕಲು ಅನ್ನುತ್ತೀರಾ?

ನಮ್ಮೂರ ಕಾರಹುಣ್ಣಿಮೆಯಲ್ಲಿ ಟನ್ನುಗಟ್ಟಲೆ ಭಾರದ ಕಲ್ಲನ್ನು ಎತ್ತುಗಳು ಎಳೆಯುವುದನ್ನು ನೀವು ನೋಡಿರುತ್ತೀರಿ. ಹಗ್ಗ ಬಿಗಿಯುತ್ತದೆ, ಗೊರಸು ನೆಲ ಕೆರೆಯುತ್ತದೆ, ಕಲ್ಲು ಗೇಣುಗೇಣೇ ಸರಿಯುತ್ತದೆ. ಆ ಕಲ್ಲಿಗೆ ಗಾಲಿ ಕಟ್ಟಿ, "ಈ ವರ್ಷದ ಎತ್ತು ಭಾರಿ!" ಅಂದರೆ ಜನ ಸುಮ್ನೆ ಬಿಡುತ್ತಾರಾ? ಗಾಲ್ಫಿನವರಿಗೂ ಈಗ ಬುದ್ಧಿ ಬಂದಿದೆ. ಚೆಂಡಿನ ಓಟ ತಗ್ಗಿಸುತ್ತೇವೆ ಅಂತ 2023ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಮ ಮಾಡುವವರು ಹೇಳಿದ್ದೇ ತಡ, ಗಲಾಟೆ ಶುರು. ಇನ್ನು ನಿಮ್ಮ ಅದಿತಿ ದೂರ ಹೊಡೆಯುವವರ ಸಾಲಿನವರೇ ಅಲ್ಲ. ಆದರೂ ಟೋಕಿಯೊದಲ್ಲಿ ನಾಲ್ಕನೆಯವರಾದರು.

ನನ್ನ ಸಿಟ್ಟು ಬೇರೆ ಕಡೆಗಿದೆ. ನಮ್ಮ ಕಚೇರಿಯ ಹುಡುಗ ಮೊನ್ನೆ, "ಸರ್, ಆಗ ಎರಡು ಪುಟಕ್ಕೆ ಇಡೀ ದಿನ ಬೇಕಿತ್ತಾ?" ಅಂತ ನಕ್ಕ. ಬೇಕಿತ್ತಪ್ಪ. ನಮ್ಮ ಪ್ರೆಸ್ಸಿನ ಹಿರಿಯರು ನಿಂತೇ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುತ್ತಿದ್ದರು. 'ಸ್ತ್ರೀ' ಅಂತ ಒಂದು ಪದ ಬಂದರೆ ಅಕ್ಷರ ಒಂದು ಖಾನೆಯಿಂದ, ತ ಒತ್ತು ಇನ್ನೊಂದರಿಂದ, ರ ಒತ್ತು ಮತ್ತೊಂದರಿಂದ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಕಣ್ಣು ಹಾಳೆಯ ಮೇಲೆ, ಬೆರಳು ತಾನಾಗೇ ಖಾನೆಗೆ. ಸಂಜೆ ಅನ್ನ ಕಲಸುವಾಗಲೂ ಉಗುರು ಕಪ್ಪೇ. ನಕ್ಕ ಹುಡುಗನಿಗೆ ಅದೇ ಮಧ್ಯಾಹ್ನ ಕರೆಂಟ್ ಹೋಯಿತು. ಮೂರು ತಾಸಿನಲ್ಲಿ ಒಂದು ಸಾಲೂ ಆಗಲಿಲ್ಲ.

ಈಗ ನಿಮ್ಮ ಚೀಲದ ಲೆಕ್ಕ. ನಲವತ್ತರಲ್ಲಿ ಹೊಸ ತಳಿಯ ಪಾಲೆಷ್ಟು, ಯೂರಿಯಾದ ಪಾಲೆಷ್ಟು, ಟ್ರ್ಯಾಕ್ಟರ್ ಪಾಲೆಷ್ಟು? ಆ ಎರೆ ಹೊಲವನ್ನು ನೀರು ನಿಲ್ಲುವ ಗದ್ದೆಯಾಗಿ ಮಟ್ಟ ಮಾಡಿದ್ದು ಯಾರು, ಯಾವ ಎತ್ತು ಕಟ್ಟಿ, ಎಷ್ಟು ಬೇಸಿಗೆ? ತಂದೆಯವರನ್ನು ಕೇಳಿ. ಅವರು ಹೇಳಿದ್ದನ್ನು ನೀವೇ ಬರೆದು ಕಳಿಸಿ. ಬರುವ ಸಂಚಿಕೆಯಲ್ಲಿ ಈ ಜಾಗ ಅವರಿಗೆ.