ಹಳೇ ವಿಷಯ ಮತ್ತೆ ಎತ್ತಬಹುದಾ?

ಪ್ರಶ್ನೆ: ನಮ್ಮದೊಂದು ಸಣ್ಣ ಚರ್ಚಾ ಕೂಟ. ವಾರಕ್ಕೊಮ್ಮೆ ಸೇರಿ ಒಂದು ವಿಷಯದ ಮೇಲೆ ಮಾತಾಡುತ್ತೇವೆ. ಈಚೆಗೆ ಕೆಲವು ಹೊಸಬರು ಬಂದಿದ್ದಾರೆ. ಅವರು ಎತ್ತುವುದೆಲ್ಲ ನಾವು ಎಂದೋ ಮಾತಾಡಿ ಮುಗಿಸಿದ ವಿಷಯಗಳು. ಮಕ್ಕಳ ಕೈಗೆ ಮೊಬೈಲ್ ಕೊಡಬೇಕಾ, ಮರಣದಂಡನೆ ಇರಬೇಕಾ, ಪರೀಕ್ಷೆಗಳಿಂದ ಏನು ಉಪಯೋಗ, ಹೀಗೆ. ಹಳಬರಿಗೆ ಬೇಸರ. ಒಬ್ಬ ಹಿರಿಯರಂತೂ “ಇದೆಲ್ಲ ಆಗಿಹೋಗಿದೆ” ಎಂದು ಎದ್ದು ಹೋಗುತ್ತಾರೆ. ಹೊಸಬರ ಮುಖ ಸಪ್ಪಗಾಗುತ್ತದೆ. ಒಮ್ಮೆ ಚರ್ಚಿಸಿದ್ದನ್ನು ಮತ್ತೆ ಚರ್ಚಿಸಬಾರದು ಅಂತ ಒಂದು ನಿಯಮ ಮಾಡಿಬಿಡಲಾ?
— ಕೂಟದ ಸಂಚಾಲಕಿ

ಉತ್ತರ: ದಯವಿಟ್ಟು ಆ ನಿಯಮ ಮಾಡಬೇಡಿ. ಮಾಡಿದರೆ ನಿಮ್ಮ ಕೂಟದಲ್ಲಿ ಕೊನೆಗೆ ಹಳಬರು ಮಾತ್ರ ಉಳಿಯುತ್ತಾರೆ. ಅವರಿಗೂ ಮಾತಾಡಲು ಏನೂ ಇರುವುದಿಲ್ಲ.

ನಾನು ಬಹಳ ವರ್ಷ ಗಣಿತ ಪಾಠ ಮಾಡಿದವಳು. ಪ್ರತಿ ವರ್ಷ ಹೊಸ ತರಗತಿಯಲ್ಲಿ ಒಂದು ಮಗುವಾದರೂ ಕೇಳುತ್ತಿತ್ತು: “ಮೈನಸ್‌ಗೆ ಮೈನಸ್ ಗುಣಿಸಿದರೆ ಪ್ಲಸ್ ಹೇಗೆ ಬರುತ್ತೆ ಮಿಸ್?” ನಾನು ಬೋರ್ಡ್ ಮೇಲೆ ಬರೆದು ತೋರಿಸುತ್ತಿದ್ದೆ. −2ನ್ನು 3ರಿಂದ ಗುಣಿಸಿದರೆ −6. 2ರಿಂದ ಗುಣಿಸಿದರೆ −4. 1ರಿಂದ −2. 0ಯಿಂದ 0. ಪ್ರತಿ ಸಾಲಿಗೂ ಉತ್ತರ 2ರಷ್ಟು ಏರುತ್ತಿದೆ, ಅಲ್ವಾ? ಹಾಗಾದರೆ ಮುಂದಿನ ಸಾಲಿನಲ್ಲಿ, −1ರಿಂದ ಗುಣಿಸಿದಾಗ, +2 ಬರಬೇಕು. ತರಗತಿ ಒಪ್ಪಿಕೊಳ್ಳುತ್ತಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಪ್ಪಲಿಲ್ಲ. “ಸೊನ್ನೆ ದಾಟಿದ ಮೇಲೂ ಅದೇ ಲೆಕ್ಕ ಯಾಕೆ ನಡೀಬೇಕು?” ಎಂದಳು. ಎಂಥ ಪ್ರಶ್ನೆ! ಅದಕ್ಕೆ ಉತ್ತರ ಕೊಡಬೇಕಾದರೆ ಗುಣಾಕಾರದ ನಿಯಮಗಳ ಬುಡಕ್ಕೇ ಹೋಗಬೇಕು. ಪಾಸಿಟಿವ್ ಸಂಖ್ಯೆಗಳಿಗೆ ಇರುವ ನಿಯಮಗಳು ನೆಗೆಟಿವ್ ಸಂಖ್ಯೆಗಳಿಗೂ ಕೆಡದೆ ನಡೆಯಬೇಕು ಎಂದು ನಾವು ಬಯಸುತ್ತೇವೆ, ಹಾಗೆ ಬಯಸಿದ ಮೇಲೆ ಬೇರೆ ಉತ್ತರಕ್ಕೆ ದಾರಿಯೇ ಇಲ್ಲ ಎಂದು ಹೇಳಬೇಕು. ಆ ವರ್ಷದಿಂದ ಪ್ರತಿ ತರಗತಿಗೂ ಅದನ್ನು ಸೇರಿಸಿಯೇ ಹೇಳುತ್ತಿದ್ದೆ. “ಇದು ಹಳೇ ಪ್ರಶ್ನೆ, ಪುಸ್ತಕ ನೋಡ್ಕೋ” ಎಂದು ಅವಳನ್ನು ಕೂರಿಸಿದ್ದರೆ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ.

ಹೊಸಬರ ಮಾತು ಇರಲಿ. ಹಳಬರಿಗೆ ಹಿಂದಿನ ಚರ್ಚೆ ಎಷ್ಟು ನೆನಪಿದೆ? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. 1885ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಅರ್ಥವಿರುವ ಮಾತು ಅಷ್ಟು ಬೇಗ ಹೋಗುವುದಿಲ್ಲ, ನಿಜ. ಆದರೆ ಅವರು ಕಂಡುಕೊಂಡ ಇನ್ನೊಂದು ಸಂಗತಿ ನಿಮಗೆ ಉಪಯೋಗವಾಗುತ್ತದೆ: ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ, ನಡುವೆ ದಿನಗಳ ಬಿಡುವು ಕೊಟ್ಟು ಮತ್ತೆ ಓದಿದರೆ ಚೆನ್ನಾಗಿ ಉಳಿಯುತ್ತದೆ.

ಮುಂದಿನ ವಾರ ಒಂದು ಕೆಲಸ ಮಾಡಿ ನೋಡಿ. “ಆಗಿಹೋಗಿದೆ” ಎನ್ನುವವರನ್ನು, ಆವತ್ತು ಎದುರು ಪಕ್ಷದವರು ಹೇಳಿದ ಗಟ್ಟಿ ವಾದ ಯಾವುದು ಎಂದು ಪ್ರೀತಿಯಿಂದ ಕೇಳಿ. ತೀರ್ಮಾನ ಎಲ್ಲರಿಗೂ ನೆನಪಿರುತ್ತದೆ. ಅದಕ್ಕೆ ಕೊಟ್ಟ ಕಾರಣ ಕೆಲವರಿಗೆ ಮಾತ್ರ. ಎದುರು ವಾದ ಯಾರಿಗಾದರೂ ನೆನಪಿದ್ದರೆ ನಿಮ್ಮ ಪುಣ್ಯ.

ಇನ್ನು, ಕೆಲವು ವಿಷಯಗಳನ್ನು ಮತ್ತೆ ಎತ್ತದಿದ್ದರೆ ಜನರಿಗೇ ನಷ್ಟ. ಹೊಟ್ಟೆಯ ಅಲ್ಸರ್‌ಗೆ ಟೆನ್ಷನ್ ಮತ್ತು ಆಸಿಡ್ ಕಾರಣ ಎಂದು ವೈದ್ಯರು ಬಹಳ ಕಾಲ ನಂಬಿದ್ದರು. ಆ ಮಾತು ಮುಗಿದಂತೆಯೇ ಇತ್ತು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅದನ್ನು ಮತ್ತೆ ಎತ್ತಿದರು. ರೋಗಿಗಳ ಹೊಟ್ಟೆಯ ಒಳಪದರದ ಚೂರುಗಳಲ್ಲಿ ಅವರಿಗೆ ಒಂದು ಬ್ಯಾಕ್ಟೀರಿಯಾ ಕಂಡಿತ್ತು. ಜನ ಸುಲಭವಾಗಿ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಹೊಟ್ಟೆಯ ಉರಿಯೂತ ಶುರುವಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈಗ ಆ ಬ್ಯಾಕ್ಟೀರಿಯಾದಿಂದ ಬರುವ ಅಲ್ಸರ್‌ಗಳನ್ನು ಆಂಟಿಬಯೋಟಿಕ್ ಕೊಟ್ಟು ವಾಸಿ ಮಾಡುತ್ತಾರೆ. ಅವರು ಬರೀ “ನನಗೆ ಹಾಗನ್ನಿಸುವುದಿಲ್ಲ” ಎಂದು ಹೇಳಲಿಲ್ಲ, ಮೊದಲು ಮೇಜಿನ ಮೇಲೆ ಇಲ್ಲದಿದ್ದ ಒಂದನ್ನು ತಂದಿಟ್ಟರು. ಹಳೇ ತೀರ್ಮಾನವೇ ತಪ್ಪು ಎನ್ನುವವರಿಂದ ನೀವು ಕೇಳಬೇಕಾದದ್ದು ಅದನ್ನೇ.

ಹಾಗೆಂದು ನಿಮ್ಮ ಹಿರಿಯರ ಬೇಸರ ಸುಳ್ಳಲ್ಲ. ಅದೇ ವ್ಯಕ್ತಿ ಅದೇ ವಿಷಯಕ್ಕೆ ಅದೇ ಮಾತನ್ನು ವಾರ ವಾರ ಹೇಳುತ್ತಾ ಹೋದರೆ ಅದು ಚರ್ಚೆಯಲ್ಲ. ಉಳಿದವರು ಸುಸ್ತಾಗಿ ಸುಮ್ಮನಾಗುತ್ತಾರೆ, ಆ ಸುಮ್ಮನಿರುವಿಕೆಯೇ ಒಪ್ಪಿಗೆ ಎಂದು ಲೆಕ್ಕಕ್ಕೆ ಬಂದುಬಿಡುತ್ತದೆ. ಇದರಲ್ಲಿ ಇನ್ನೊಂದು ಅಪಾಯವೂ ಇದೆ. 1977ರಲ್ಲಿ ಹ್ಯಾಷರ್, ಗೋಲ್ಡ್‌ಸ್ಟೈನ್ ಮತ್ತು ಟೊಪಿನೊ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಎರಡೆರಡು ವಾರ ಬಿಟ್ಟು ಮೂರು ಸಲ ಹೇಳಿಕೆಗಳ ಪಟ್ಟಿ ಕೊಟ್ಟು, ಪ್ರತಿಯೊಂದೂ ಎಷ್ಟು ನಿಜವೆನಿಸುತ್ತದೆ ಎಂದು ಕೇಳಿದರು. ಕೆಲವು ಹೇಳಿಕೆಗಳು ಮೂರು ಸಲವೂ ಇದ್ದವು. ಮತ್ತೆ ಮತ್ತೆ ಬಂದ ಹೇಳಿಕೆಗಳು ಹೆಚ್ಚು ಹೆಚ್ಚು ನಿಜವೆನಿಸುತ್ತಾ ಹೋದವು, ಸುಳ್ಳು ಹೇಳಿಕೆಗಳೂ ಸಹ. ಬರೀ ಕಿವಿಗೆ ಬಿದ್ದು ಬಿದ್ದು! ಆದ್ದರಿಂದ ಹಳೇ ವಿಷಯ ಬರಲಿ, ಆದರೆ ಹಳೇ ತಪ್ಪು ಮಾಹಿತಿ ಬಂದರೆ ಅಲ್ಲೇ ತಡೆಯಿರಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಕೂಟಕ್ಕೆ ಒಂದು ನೋಟ್‌ಬುಕ್ ಇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಅದರಲ್ಲಿ ಬರೀ ತೀರ್ಮಾನ ಬರೆಯಬೇಡಿ. ಯಾವ ಕಾರಣಕ್ಕೆ ಹಾಗೆ ಅನ್ನಿಸಿತು, ಯಾರಿಗೆ ಒಪ್ಪಿಗೆಯಾಗಲಿಲ್ಲ, ಏನು ಗೊತ್ತಾದರೆ ಅಭಿಪ್ರಾಯ ಬದಲಾಗಬಹುದು, ಇವನ್ನೂ ಬರೆಯಿರಿ. ಆ ಕೊನೆಯದು ಎಲ್ಲಕ್ಕಿಂತ ಮುಖ್ಯ. ಹಳೇ ವಿಷಯ ಮತ್ತೆ ಬಂದಾಗ ಆ ಪುಟವನ್ನು ಎಲ್ಲರ ಮುಂದೆ ಓದಿ, ಅಲ್ಲಿಂದ ಮುಂದಕ್ಕೆ ಮಾತು ಶುರು ಮಾಡಿ. ಹೊಸಬರಿಗೆ ಪುಸ್ತಕ ಕೊಟ್ಟು “ಓದಿಕೊಂಡು ಬನ್ನಿ” ಎನ್ನಬೇಡಿ. ಅದು ಬಾಗಿಲು ಹಾಕಿದ ಹಾಗೆ.

ಆದರೆ ಸಭೆ ಎಷ್ಟು ಗಂಟೆಗೆ, ಹಣ ಯಾವುದಕ್ಕೆ ಖರ್ಚು ಮಾಡಬೇಕು ಎಂಬಂಥ ತೀರ್ಮಾನಗಳ ವಿಷಯ ಬೇರೆ. ಅವನ್ನು ದಿನಾ ಕೆದಕಿದರೆ ಕೂಟ ನಡೆಯುವುದಿಲ್ಲ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ರಾಬರ್ಟ್ 1863ರಲ್ಲಿ ಒಂದು ಸಭೆಯ ಅಧ್ಯಕ್ಷತೆ ವಹಿಸಿದ್ದರು. ಅದು ಗಲಾಟೆಯಲ್ಲಿ ಮುಗಿಯಿತು. ಆಮೇಲೆ ಅವರು ಸಭಾ ನಿಯಮಗಳನ್ನು ಓದಿ ತಿಳಿದು, 1876ರಲ್ಲಿ ಒಂದು ಕೈಪಿಡಿ ತಂದರು. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮ ಇದೆ. ಮತ ಹಾಕಿ ಮುಗಿಸಿದ್ದನ್ನು ಅದೇ ಅಧಿವೇಶನದಲ್ಲಿ ಮತ್ತೆ ಪರಿಶೀಲಿಸಿ ಎಂದು ಕೇಳುವ ಹಕ್ಕು ಗೆದ್ದ ಕಡೆಯವರಿಗೆ ಮಾತ್ರ. ಸೋತವರು ಗೆದ್ದವರಲ್ಲಿ ಒಬ್ಬರ ಮನಸ್ಸನ್ನಾದರೂ ಬದಲಾಯಿಸಬೇಕು. ಬಿದ್ದುಹೋದ ಪ್ರಸ್ತಾಪವನ್ನು ಮುಂದಿನ ಅಧಿವೇಶನದಲ್ಲಿ ಯಾರು ಬೇಕಾದರೂ ತರಬಹುದು. ಅಂದರೆ ಬಾಯಿ ಮುಚ್ಚಿಸುವುದೂ ಇಲ್ಲ, ಗೋಳು ಹೊಯ್ದುಕೊಳ್ಳುವುದಕ್ಕೂ ಬಿಡುವುದಿಲ್ಲ. ನಿಮ್ಮ ಕೂಟಕ್ಕೆ ಇಷ್ಟು ಸಾಕು.

ಆ ಹಿರಿಯರನ್ನು ಬಿಟ್ಟುಕೊಡಬೇಡಿ. ನೋಟ್‌ಬುಕ್‌ನ ಮೊದಲ ಪುಟಗಳನ್ನು ಅವರಿಂದಲೇ ಬರೆಸಿ. ನೀವು ಎಲ್ಲರೂ ಮರೆತದ್ದು ಅವರಿಗೆ ನೆನಪಿರಬಹುದು.

ಪ್ರಶ್ನೆ: ನಾನು ಇಂಥದೇ ಒಂದು ಗುಂಪಿಗೆ ಹೊಸಬ. ಒಂದು ಹಳೇ ವಿಷಯ ಎತ್ತಬೇಕೆಂದಿದೆ, ಬೈಸಿಕೊಳ್ಳುವ ಭಯ. ಹೇಗೆ ಶುರು ಮಾಡಲಿ?
— ಹೆಸರು ಬೇಡ

ಉತ್ತರ: ಗುಂಪಿನ ಹಳಬರೊಬ್ಬರನ್ನು ಸಭೆಗೆ ಮೊದಲೇ ಹಿಡಿದು, ಹಿಂದೆ ಈ ಬಗ್ಗೆ ಏನೇನು ಮಾತಾಯಿತು ಎಂದು ಕೇಳಿ. ಸಭೆಯಲ್ಲಿ ಮೊದಲು ಅದನ್ನೇ ಎರಡು ಮಾತಿನಲ್ಲಿ ಹೇಳಿ, ಆಮೇಲೆ ನಿಮ್ಮ ಅನುಮಾನ ಎಲ್ಲಿದೆ ಎಂದು ತೋರಿಸಿ. ಹೊಸ ವಾದ ನಿಮ್ಮ ಹತ್ತಿರ ಇಲ್ಲದಿದ್ದರೂ ಪರವಾಗಿಲ್ಲ, “ಇಷ್ಟು ಅರ್ಥವಾಯಿತು, ಇದು ಮಾತ್ರ ಆಗಲಿಲ್ಲ” ಎಂದರೆ ಸಾಕು. ಆಗಲೂ ಯಾರಾದರೂ ಬೈದರೆ, ಪಕ್ಕದಲ್ಲಿ ಕೂತವರನ್ನು ನೋಡಿ. ಅದೇ ಅನುಮಾನ ಇಟ್ಟುಕೊಂಡು ಕೇಳಲಾಗದೆ ಕೂತವರು ಒಬ್ಬರಾದರೂ ಇರುತ್ತಾರೆ. ಸಭೆ ಮುಗಿದ ಮೇಲೆ ಅವರ ಜೊತೆ ಮಾತು ಮುಂದುವರಿಸಿ.